ಶಾಬುದ್ದೀನ ಒತ್ತಿಟ್ಟ ಕಂಬಿಗಳು

ತಾರಿಹಾಳದ ಕಾರ್ಖಾನೆಯಲ್ಲಿ ಶಾಬುದ್ದೀನ ಟಂಗ್‌ಸ್ಟನ್ ಲೋಹದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಕಂಬಿ ಮಾಡುತ್ತಿದ್ದ. ಭಟ್ಟಿಯಲ್ಲಿ ಕಾಯುವ ತನಕ ಆ ಕಂಬಿ ರವೆ ಉಂಡೆಯ ಹಾಗೆ, ಬಿಗಿಯಾಗಿ ಹಿಡಿದರೆ ಉದುರಿಹೋಗುತ್ತದೆ. ಅದನ್ನು ಭಟ್ಟಿಗೆ ಇಡುವವನು ಅವನ ಗೆಳೆಯ ಗುರುಬಸವ.

"ಉಸರ ಹಿಡಿಯೋ ಗುರ್ಯಾ, ನೀ ಸೀನಿದ್ರ ನನ್ನ ದುಡಿಮಿ ಮತ್ತ ಹಿಟ್ಟಾಕ್ಕೈತಿ!" ಎಂದು ಶಾಬುದ್ದೀನ ದಿನಾಲು ಕಾಡುತ್ತಿದ್ದ. ಭಟ್ಟಿಯ ಬಾಗಿಲು ಮುಚ್ಚಿದ ಮೇಲೆ, "ಹೂಂ, ಇನ್ನ ಬಿಡು" ಅನ್ನುತ್ತಿದ್ದ.

ಸೋಮವಾರ ಮನೆಗೆ ಹೋದ ಶಾಬುದ್ದೀನ ಎದೆನೋವು ಬಂದು ತೀರಿಕೊಂಡ. ಗುರುಬಸವ ಜನಾಜಾಕ್ಕೆ ಹೆಗಲು ಕೊಟ್ಟ. ಅಳು ಬರಲಿಲ್ಲ. ಮತ್ತೆ ಕೆಲಸಕ್ಕೆ ಬಂದಾಗ, ಶಾಬುದ್ದೀನ ಕೊನೆಗೆ ಒತ್ತಿದ ಕಂಬಿಗಳು ತಟ್ಟೆಯಲ್ಲಿ ಹಾಗೇ ಇದ್ದವು.

"ಗುರಣ್ಣ, ಇವತ್ತ ನಿಮ್ಮ ಕೈ ನಡಗಬಹುದು. ಮುರದು ಪುಡಿ ಮಾಡಿಬಿಡ್ರಿ, ಹೊಸಾವು ಒತ್ತಿಸೋಣು" ಎಂದರು ಮೇಲ್ವಿಚಾರಕಿ ದಾಕ್ಷಾಯಿಣಿ.

"ಬ್ಯಾಡ್ರಿ ಅಕ್ಕಾರ. ಅವನ ಕೈಯಾಂದು ಇಷ್ಟ ಉಳದೈತಿ."

ಗುರುಬಸವ ಉಸಿರು ಹಿಡಿದು ಒಂದೊಂದೇ ಕಂಬಿಯನ್ನು ಎತ್ತಿ ಭಟ್ಟಿಯೊಳಗಿಟ್ಟ. ಯಾವುದೂ ಮುರಿಯಲಿಲ್ಲ. ಕೈ ಒಮ್ಮೆಯೂ ನಡುಗಲಿಲ್ಲ, ನಡುಗಬೇಕಿತ್ತು ಅನಿಸಿತು. ಬಾಗಿಲು ಮುಚ್ಚಿದ ಮೇಲೂ ಅವನು ಉಸಿರು ಹಿಡಿದೇ ನಿಂತಿದ್ದ, ಬಿಡು ಎನ್ನುವವರು ಯಾರೂ ಇರಲಿಲ್ಲ.