ಆಮೆ ಅಕ್ಕನ ತಗ್ಗು ಕಾರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯ ಮನೆಯೆದುರು ಐವತ್ತರ ಆಸುಪಾಸಿನ ಹೆಂಗಸೊಬ್ಬರು ಹಳೆಯ ಗೋಣಿಚೀಲ ಹಾಸಿಕೊಂಡು, ನೆಲಕ್ಕೆ ಕೆನ್ನೆಯಿಟ್ಟು ಮಲಗಿದ್ದಾರೆ. ಹೊಸಬರು ನೋಡಿದರೆ ಗಾಬರಿಯಾಗಬೇಕು. ಹಾಲಿನವನಿಗೆ ಮಾತ್ರ ಗಾಬರಿಯಿಲ್ಲ. "ಏನಕ್ಕಾ, ಹೊಟ್ಟೆ ಹೇಗಿದೆ?" ಎಂದು ಕೇಳುತ್ತಲೇ ಸೈಕಲ್ ತುಳಿಯುತ್ತಾನೆ. "ಕ್ಷೇಮ ಕಣಪ್ಪಾ," ಎನ್ನುತ್ತ ಅವರು ಟಾರ್ಚ್ ಆರಿಸಿ, ಸೊಂಟ ಹಿಡಿದುಕೊಂಡು ಏಳುತ್ತಾರೆ. ಹಾಲಿನವನು ವಿಚಾರಿಸಿದ್ದು ಕಾರಿನ ಹೊಟ್ಟೆಯನ್ನು.

ಆ ಕಾರು ನೆಲಕ್ಕೆ ಎಷ್ಟು ಹತ್ತಿರವೆಂದರೆ, ಬೀದಿಯ ಬೆಕ್ಕುಗಳು ಬೇರೆಲ್ಲ ಕಾರುಗಳ ಅಡಿ ಮಲಗುತ್ತವೆ, ಇದರ ಅಡಿಗೆ ಹೋಗುವುದಿಲ್ಲ. ಒಂದು ಮರಿ ಪ್ರಯತ್ನಪಟ್ಟು ಅರ್ಧಕ್ಕೇ ಹಿಂದೆ ಸರಿಯಿತಂತೆ. ಚಕ್ರಕ್ಕೂ ಮಡ್ಗಾರ್ಡಿಗೂ ನಡುವೆ ಎರಡು ಬೆರಳು ತೂರಿಸುವುದೂ ಕಷ್ಟ. ಇಂಥ ಕಾರುಗಳನ್ನು ಸಾಮಾನ್ಯವಾಗಿ ಮೀಸೆ ಚಿಗುರುವ ವಯಸ್ಸಿನವರು ರಜೆಯ ದಿನ ಹೊರಗೆ ತೆಗೆದು, ನಾಲ್ಕು ಜನ ತಿರುಗಿ ನೋಡಲಿ ಎಂದು ಸುತ್ತಿಸುತ್ತಾರೆ. ಈ ಅಕ್ಕ ದಿನವೂ ಬಾಡಿಗೆಗೆ ಓಡಿಸುತ್ತಾರೆ. ಅದೂ ಯಾರಿಗೆ? ಆಪರೇಷನ್ ಮುಗಿಸಿಕೊಂಡು ಮನೆಗೆ ಹೋಗುವವರಿಗೆ. ಹೊಟ್ಟೆಗೆ ಹೊಲಿಗೆ ಬಿದ್ದವರು, ಸೊಂಟಕ್ಕೆ ಪಟ್ಟಿ ಕಟ್ಟಿಸಿಕೊಂಡವರು, ಕೂಸನ್ನು ಎದೆಗವಚಿಕೊಂಡ ಬಾಣಂತಿಯರು ಇವರ ಗಿರಾಕಿಗಳು. ಆಸ್ಪತ್ರೆಯ ಮಂದಿ ಇಟ್ಟ ಹೆಸರು ಆಮೆ ಅಕ್ಕ.

ಆ ಹೆಸರಿಗೆ ಅವರಿಗೇನೂ ಬೇಸರವಿಲ್ಲ. "ಆಮೆಗೂ ಹೊಟ್ಟೆ ನೆಲದ ಹತ್ರಾನೇ ತಾನೇ ಇರೋದು? ಅದೇನು ನಾಚ್ಕೊಳ್ಳುತ್ತಾ?" ಎನ್ನುತ್ತಾರೆ.

ದಿನದ ಮೊದಲ ಕೆಲಸ, ಖಾಲಿ ಕಾರಿನಲ್ಲಿ ಆಸ್ಪತ್ರೆಯವರೆಗೆ ಒಂದು ಸುತ್ತು. ರಾತ್ರೋರಾತ್ರಿ ಯಾರಾದರೂ ಪೈಪಿಗೆಂದು ಅಗೆದಿರಬಹುದು, ಮುಚ್ಚಿದ ಗುಂಡಿ ಮತ್ತೆ ಬಾಯಿ ತೆರೆದಿರಬಹುದು. ರೇಡಿಯೊ ಹಾಕುವಂತಿಲ್ಲ, ಕಿಟಕಿ ಇಳಿದಿರಬೇಕು, ಕಿವಿ ನೆಲದ ಕಡೆಗಿರಬೇಕು. ರಸ್ತೆಯುಬ್ಬು ಕಂಡರೆ ದೂರದಲ್ಲೇ ಬ್ರೇಕ್ ಒತ್ತಿ, ಏರುವ ಹೊತ್ತಿಗೆ ಬಿಟ್ಟುಬಿಡುತ್ತಾರೆ. ಒತ್ತಿ ಹಿಡಿದರೆ ಕಾರಿನ ಮೂತಿ ತಗ್ಗುತ್ತದೆ. ಆಮೇಲೆ ಓರೆಯಾಗಿ ತಿರುಗಿಸಿ ಒಂದೊಂದೇ ಚಕ್ರ ಹತ್ತಿಸಿ, ಒಂದೊಂದೇ ಇಳಿಸುತ್ತಾರೆ, ಮಲಗಿರುವ ಮಗುವನ್ನು ಎಬ್ಬಿಸದೆ ದಾಟಿ ಹೋಗುವವರ ಹಾಗೆ. ಹಿಂದಿನವರು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾಗುತ್ತಾರೆ. ಅಕ್ಕ ಕನ್ನಡಿಯಲ್ಲಿ ಅವರಿಗೆ ಕೈ ಬೀಸಿ ಮುಂದೆ ಹೋಗುತ್ತಾರೆ.

ಕಾರು ಮೊದಲು ಅವರ ತಮ್ಮನದಾಗಿತ್ತು. ಕಂಪನಿಯ ಸ್ಪ್ರಿಂಗುಗಳನ್ನು ಬಿಚ್ಚಿಸಿ ಗಿಡ್ಡ ಸ್ಪ್ರಿಂಗ್ ಹಾಕಿಸಿದ್ದು, ಸೈಲೆನ್ಸರ್‌ಗೆ ಗುಡುಗುವ ಕೊಳವೆ ಸಿಕ್ಕಿಸಿ ಬೀದಿಯವರ ನಿದ್ದೆ ಕೆಡಿಸಿದ್ದು ಎಲ್ಲ ಅವನೇ. ಅವಳಿ ಮಕ್ಕಳು ಹುಟ್ಟಿದ ಮೇಲೆ ಸಾಹೇಬರಿಗೆ ಜ್ಞಾನೋದಯವಾಯಿತು. ಎರಡು ತೊಟ್ಟಿಲು, ಎರಡು ಗಾಡಿ, ಬಟ್ಟೆಯ ಮೂಟೆ ಇದರಲ್ಲಿ ಹಿಡಿಯಲಿಲ್ಲ; ವ್ಯಾನ್ ತೆಗೆದುಕೊಂಡ. ತಗ್ಗು ಕಾರನ್ನು ಕೊಳ್ಳುವವರೇ ಸಿಗಲಿಲ್ಲ. ಆ ಹೊತ್ತಿಗೆ ಅಕ್ಕ ದುಡಿಯುತ್ತಿದ್ದ ಬಿಸ್ಕತ್ ಕಾರ್ಖಾನೆಗೆ ಬೀಗ ಬಿದ್ದಿತ್ತು. "ನೀನೇ ಇಟ್ಕೋ ಅಕ್ಕ, ಬಾಡಿಗೆಗೆ ಓಡಿಸು. ಹಳೇ ಸ್ಪ್ರಿಂಗು ಅಟ್ಟದ ಮೇಲಿದೆ, ಬರೋ ಭಾನುವಾರ ಹಾಕ್ಕೊಡ್ತೀನಿ," ಎಂದು ಬೀಗದ ಕೈ ಕೊಟ್ಟ. ಗುಡುಗುವ ಕೊಳವೆಯನ್ನು ಅಕ್ಕ ಅಂದೇ ಕೀಳಿಸಿದರು. ಅವಳಿಗಳು ಈಗ ಶಾಲೆಗೆ ಹೋಗುತ್ತಿದ್ದಾರೆ. ಆ ಭಾನುವಾರ ಇನ್ನೂ ಬಂದಿಲ್ಲ.

ಶುರುವಿನ ದಿನಗಳನ್ನು ಅಕ್ಕ ಈಗ ನಗುತ್ತಲೇ ನೆನೆಯುತ್ತಾರೆ. ಆಗ ನಗು ಬಂದಿರಲಿಲ್ಲ. ಕೈ ತೋರಿಸಿ ನಿಲ್ಲಿಸಿದವರು ಕಾರು ನೋಡಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಮೈಕೈ ತುಂಬಿಕೊಂಡ ನಾಲ್ವರು ಹತ್ತಿದರಂತೂ ಮುಗಿಯಿತು. "ಪ್ರತಿ ಉಬ್ಬಿಗೂ, 'ಸ್ವಾಮಿ, ಇಬ್ಬರು ಸ್ವಲ್ಪ ಇಳಿದು ಆ ಕಡೆ ಹೋಗ್ತೀರಾ' ಅಂತಿದ್ದೆ. ಇಳಿದು ನಡ್ಕೊಂಡು ದಾಟೋರು, ಮತ್ತೆ ಹತ್ತೋರು. ಒಬ್ಬರು ಕೊನೆಗೆ, 'ನೀನೇ ಬಾರಮ್ಮ, ನಾವು ಮುಂದೆ ನಡೀತಿರ್ತೀವಿ' ಅಂದ್ರು."

ಕಾರನ್ನು ಗುಜರಿಗಾದರೂ ಹಾಕಿ ಕೈ ತೊಳೆದುಕೊಳ್ಳಬೇಕು ಎಂದುಕೊಂಡಿದ್ದಾಗಲೇ ಆಸ್ಪತ್ರೆಯ ಬಾಗಿಲಲ್ಲಿ ಒಬ್ಬ ಬಾಣಂತಿ ಸಿಕ್ಕಳು. ಹೊಟ್ಟೆ ಕೊಯ್ದು ಹೆರಿಗೆಯಾಗಿತ್ತು, ಬರಬೇಕಿದ್ದ ಗಂಡನ ಗಾಡಿ ಬಂದಿರಲಿಲ್ಲ. ಅಕ್ಕ ಎಂದಿನಂತೆ ತೆವಳಿಸಿಕೊಂಡೇ ಹೋದರು. ಇಳಿಯುವಾಗ ಬಾಣಂತಿ ಅವರ ಕೈ ಹಿಡಿದುಕೊಂಡು, "ನಮ್ಮೆಜಮಾನ್ರ ದೊಡ್ಡ ಗಾಡೀಲಿ ಹೋಗಿದ್ರೆ ಇಷ್ಟೊತ್ತಿಗೆ ಅತ್ತುಬಿಟ್ಟಿರ್ತಿದ್ದೆ," ಎಂದಳು. ಅವಳನ್ನು ಕಾರಿಗೆ ಹತ್ತಿಸಿದ್ದ ಆಸ್ಪತ್ರೆಯ ನೌಕರ, ಎಲ್ಲರೂ ಗಾಲಿಕುರ್ಚಿ ಅಣ್ಣ ಎನ್ನುವ ಮನುಷ್ಯ, ಮಾರನೆಯ ದಿನ ಇನ್ನೊಬ್ಬರಿಗಾಗಿ ಫೋನ್ ಮಾಡಿದ. ಆಮೇಲೆ ಫೋನ್ ನಿಂತಿಲ್ಲ. ಈಗ ದಿನಕ್ಕೆ ನಾಲ್ಕೋ ಐದೋ ಮಂದಿ. ಅದಕ್ಕಿಂತ ಹೆಚ್ಚು ಆಮೆಯ ಕೈಲಾಗುವುದಿಲ್ಲ.

"ಕಾರು ಮೆತ್ತಗಿದೆ ಅಂತ ಜನ ತಿಳ್ಕೊಂಡಿದ್ದಾರೆ. ಎಲ್ಲಿ ಬಂತು! ಈ ಸ್ಪ್ರಿಂಗು ಬಲು ಬಿರುಸು, ಒಂದು ಬೆಣಚುಕಲ್ಲು ಸಿಕ್ಕಿದ್ರೂ ಬೆನ್ನಿಗೆ ಗೊತ್ತಾಗುತ್ತೆ. ಕಾರು ಗಟ್ಟಿ, ಅದಕ್ಕೇ ನಾನು ಮೆತ್ತಗೆ. ಅದರ ಹೊಟ್ಟೆಗೆ ತಾಗಿದ್ದು ಒಳಗೆ ಕೂತೋರ ಹೊಟ್ಟೆಗೂ ತಾಗುತ್ತೆ." ಅವರಿಗೊಂದು ಆಸೆಯಿದೆ. "ಕಾರಲ್ಲಿ ಬಂದ್ವಿ ಅನ್ನೋದೇ ಅವರಿಗೆ ಗೊತ್ತಾಗ್ಬಾರ್ದು. ಇಲ್ಲಿವರೆಗೂ ಆಗಿಲ್ಲ ಬಿಡಿ. ಎಲ್ಲೋ ಒಂದು ಕಡೆ 'ಉಫ್' ಅಂದೇ ಅಂತಾರೆ."

ಎಲ್ಲ ಸರಿಯಿದ್ದಾಗಲೇ ಹೋದ ತಿಂಗಳು ಆಸ್ಪತ್ರೆಯ ಗೇಟಿನಲ್ಲಿ ಹೊಸ ಉಬ್ಬು ತಲೆಯೆತ್ತಿತು. ಸಾಮಾನಿನ ವ್ಯಾನುಗಳು ಒಳಗೆ ನುಗ್ಗುವ ರಭಸ ನೋಡಿ ಹಾಕಿಸಿದ್ದು. ಉದ್ದೇಶ ಒಳ್ಳೆಯದೇ, ಆದರೆ ಹಾಕಿದವರು ಧಾರಾಳಿಗಳು. ಅಕ್ಕನ ಕಾರು ಅದರ ನೆತ್ತಿಯ ಮೇಲೆ ಕುಳಿತು, ಅತ್ತ ಇಳಿಯದೆ ಇತ್ತ ಬಾರದೆ ತೂಗಾಡಿತು. ಕಾವಲುಗಾರನೂ ಗಾಲಿಕುರ್ಚಿ ಅಣ್ಣನೂ ಸೇರಿ ಹಿಂದಕ್ಕೆ ನೂಕಿದರು. ಸಂಜೆಗೆ ಅಟ್ಟದಿಂದ ಹಳೆಯ ಸ್ಪ್ರಿಂಗುಗಳನ್ನು ಇಳಿಸಿ, ಒರೆಸಿ, ಎಣ್ಣೆ ಹಚ್ಚಿ ತಮ್ಮನೇ ತಂದ. "ಒಂದು ಮಧ್ಯಾಹ್ನದ ಕೆಲಸ ಅಕ್ಕ. ಕಾರು ಎಲ್ಲರ ಕಾರಿನ ಹಾಗಾಗುತ್ತೆ."

ಅಕ್ಕ ಒಪ್ಪಲಿಲ್ಲ. ಅವರ ಹೆದರಿಕೆಗೆ ಕಾರಣವಿದೆ. ಒಮ್ಮೆ ಈ ಕಾರು ಗ್ಯಾರೇಜಿನಲ್ಲಿದ್ದಾಗ ತಮ್ಮನ ಎತ್ತರದ ವ್ಯಾನಿನಲ್ಲಿ ಒಬ್ಬ ಅಜ್ಜಿಯನ್ನು ಕರೆದೊಯ್ದಿದ್ದರು. ಸಲೀಸಾಗಿದೆಯಲ್ಲ ಎಂದು ಮೈಮರೆತು ಉಬ್ಬಿನ ಮೇಲೆ ಹಾಗೇ ಹಾಯಿಸಿಬಿಟ್ಟರು. ಅಜ್ಜಿ "ಅಮ್ಮಾ" ಎಂದು ಚೀರಿದ್ದು ಇಂದಿಗೂ ಅವರ ಕಿವಿಯಲ್ಲಿದೆ. "ನಾನೇನು ತಾಳ್ಮೆಯವಳಲ್ಲ. ಮನೇಲಿ ಕೇಳಿ, ಊಟಾನೂ ಗಬಗಬ ತಿಂದು ಏಳೋಳು. ಈ ಕಾರೇ ನನ್ನನ್ನ ಬಗ್ಗಿಸಿರೋದು. ಎತ್ತರ ಮಾಡಿದ್ರೆ ಕಾಲು ಮತ್ತೆ ಹಳೇ ಚಾಳಿಗೆ ಬೀಳುತ್ತೆ."

ತಮ್ಮನ ಮುಖ ಊದಿತು. "ಇಷ್ಟು ವರ್ಷಕ್ಕೆ ಮಾತು ಉಳಿಸ್ಕೊಳ್ಳೋಣ ಅಂತ ಬಂದ್ರೆ ಅದಕ್ಕೂ ಬಿಡಲ್ಲ. ಗೇಟು ದಾಟದೇ ಇದ್ರೆ ದುಡಿಮೆ ಹೇಗೆ?" ಕೊನೆಗೆ ರಾಜಿಯಾಯಿತು: ಒಂದು ತಿಂಗಳಲ್ಲಿ ಉಬ್ಬು ತಗ್ಗಿದರೆ ಸರಿ, ಇಲ್ಲದಿದ್ದರೆ ಸ್ಪ್ರಿಂಗು ಏರುತ್ತದೆ.

ತನ್ನ ಕಾರಿಗಾಗಿ ಆಸ್ಪತ್ರೆಯವರು ಉಬ್ಬು ಒಡೆಯಲಿ ಎಂದು ಕೇಳಲು ಅಕ್ಕನಿಗೆ ಬಾಯಿ ಬರಲಿಲ್ಲ. ಆದರೆ ಗೇಟಿನಾಚೆ ಗಾಡಿ ನಿಲ್ಲಿಸಿ ಕಾಯುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಗಾಲಿಕುರ್ಚಿ ಉಬ್ಬು ದಾಟುವಾಗಲೆಲ್ಲ ಕುಳಿತವರು ಹಲ್ಲು ಕಚ್ಚುತ್ತಿದ್ದರು. ಗಾಲಿಕುರ್ಚಿ ಅಣ್ಣನಿಗೆ ಹೇಳಿದರು. ಅವನು ತಡಮಾಡಲಿಲ್ಲ, ಕಟ್ಟಡದ ಉಸ್ತುವಾರಿ ನೋಡುವ ಮೇಲ್ವಿಚಾರಕರನ್ನು ಕರೆತಂದು, "ಒಂದು ನಿಮಿಷ ಕೂತ್ಕೊಳ್ಳಿ ಸರ್," ಎಂದು ಕುರ್ಚಿಯಲ್ಲಿ ಕೂರಿಸಿ, ಕೈಗೆ ತುಂಬಿದ ಲೋಟ ನೀರು ಕೊಟ್ಟು ತಳ್ಳಿಯೇಬಿಟ್ಟ. ಉಬ್ಬಿನಾಚೆ ಇಳಿದಾಗ ಲೋಟ ಖಾಲಿ, ಪ್ಯಾಂಟು ಒದ್ದೆ. ಮೇಲ್ವಿಚಾರಕರು ಒಳ್ಳೆಯ ಮನುಷ್ಯ, ಮೊದಲು ನಕ್ಕವರು ಅವರೇ. ಉಬ್ಬು ತೆಗೆಸಲಾಗದು, ಆದರೆ ಎತ್ತರ ಇಳಿಸಿ, ಎರಡೂ ಕಡೆ ಇಳಿಜಾರು ಉದ್ದ ಮಾಡಿಸುತ್ತೇನೆ ಎಂದರು.

ಆ ಕೆಲಸ ಮುಗಿದು ಅಡ್ಡಗಟ್ಟಿದ್ದ ಹಗ್ಗ ಬಿಚ್ಚಿದ್ದು ನಿನ್ನೆ ಸಂಜೆ. ಇವತ್ತಿನ ಖಾಲಿ ಸುತ್ತಿನಲ್ಲಿ ಕಾರು ದಾಟಿದೆ. ಆದರೆ ಜನ ಕುಳಿತರೆ ಕಾರು ಇನ್ನಷ್ಟು ತಗ್ಗುತ್ತದೆ, ನಿಜವಾದ ಪರೀಕ್ಷೆ ಆಗಲೇ. ಗೇಟಿನೆದುರು ತಮ್ಮನ ವ್ಯಾನ್ ನಿಂತಿದೆ. ಹಿಂದಿನ ಬಾಗಿಲು ತೆರೆದಿದೆ, ಒಳಗೆ ಎಣ್ಣೆ ಹಚ್ಚಿದ ಸ್ಪ್ರಿಂಗುಗಳು ಮಿರಿಮಿರಿ ಮಿಂಚುತ್ತಿವೆ.

ಮೊದಲ ಗಿರಾಕಿ ನಿವೃತ್ತ ಟ್ರಾಫಿಕ್ ಪೊಲೀಸರೊಬ್ಬರು, ಹರ್ನಿಯಾ ಆಪರೇಷನ್ ಆಗಿದೆ. ಗಾಲಿಕುರ್ಚಿಯಿಂದಲೇ ಕಾರು ನೋಡಿ ಹುಬ್ಬೇರಿಸುತ್ತಾರೆ. "ಇದನ್ನ ಎಲ್ಲೋ ನೋಡಿದ್ದೀನಿ. ಗುಡುಗು ಹಾಕ್ಕೊಂಡು ತಿರುಗ್ತಿದ್ದ ಒಬ್ಬ ಪೋಲಿ, ಎಷ್ಟು ಸಲ ಹಿಡಿದು ನಿಲ್ಲಿಸಿದ್ದೀನೋ!" ರಸ್ತೆಯಾಚೆ ಎರಡು ಮಕ್ಕಳ ತಂದೆ ವ್ಯಾನಿನ ಮರೆಗೆ ಸರಿಯುತ್ತಾನೆ. "ಆ ಪೋಲಿ ಅಲ್ಲೇ ಅಡಗ್ತಿದ್ದಾನೆ ನೋಡಿ ಸರ್, ನನ್ನ ತಮ್ಮ," ಎನ್ನುತ್ತಾರೆ ಅಕ್ಕ. "ನಗಿಸ್ಬೇಡಮ್ಮಾ, ಹೊಲಿಗೆ ಎಳೆಯುತ್ತೆ," ಎನ್ನುತ್ತ ಸಾಹೇಬರು ಮೊದಲು ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆಳೆದುಕೊಳ್ಳುತ್ತಾರೆ. ಹೊಟ್ಟೆಯ ಮೇಲೆ ದಿಂಬು. ಹಿಂದೆ ಅವರ ಹೆಂಡತಿ, ಎರಡು ಚೀಲ. ಕಾರು ಇನ್ನೊಂದು ಬೆರಳು ತಗ್ಗುತ್ತದೆ.

ಅಕ್ಕ ಬ್ರೇಕ್ ಒತ್ತುತ್ತಾರೆ, ಬಿಡುತ್ತಾರೆ, ಓರೆ ಮಾಡುತ್ತಾರೆ. ಒಂದು ಚಕ್ರ ಏರುತ್ತದೆ. ಎರಡನೆಯದು. ಕಾರಿನ ನಡು ಉಬ್ಬಿನ ಮೇಲೆ ಬಂದಾಗ ಗಾಲಿಕುರ್ಚಿ ಅಣ್ಣ ಬಗ್ಗಿ ಅಡಿಯನ್ನೇ ನೋಡುತ್ತಾನೆ. ಸದ್ದಿಲ್ಲ. ಹಿಂದಿನ ಚಕ್ರಗಳೂ ಇಳಿಯುತ್ತವೆ. ಎದುರಿನಿಂದ ಕೇಳುವುದು ವ್ಯಾನಿನ ಹಿಂಬಾಗಿಲು ಮುಚ್ಚಿದ ಸದ್ದು. ತಮ್ಮ ಸೋತ ಮುಖ ಮಾಡಿಕೊಂಡು ಕೈಯೆತ್ತುತ್ತಾನೆ, ಹಲ್ಲು ಮಾತ್ರ ಕಾಣುತ್ತಿದೆ. ಅಕ್ಕನ ಕಣ್ಣು ತುಂಬುತ್ತದೆ, ಒರೆಸಿಕೊಳ್ಳಲು ಸ್ಟೀರಿಂಗ್ ಬಿಡುವಂತಿಲ್ಲ.

ಸಾಹೇಬರ ಮನೆ ದೂರ, ದಾರಿಯಲ್ಲಿ ಉಬ್ಬುಗಳಿಗೇನೂ ಬರವಿಲ್ಲ. ಮನೆಯ ಮುಂದೆ ಎಂಜಿನ್ ಆರಿಸಿ ಅಕ್ಕ ಪಕ್ಕಕ್ಕೆ ತಿರುಗಿದರೆ, ಅವರು ದಿಂಬು ತಬ್ಬಿಕೊಂಡು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಾರೆ. ಹಿಂದಿನಿಂದ ಹೆಂಡತಿ ತುಟಿಗೆ ಬೆರಳಿಡುತ್ತಾರೆ. ಮೂರು ರಾತ್ರಿಯಿಂದ ನೋವಿಗೆ ಕಣ್ಣು ಮುಚ್ಚಿಲ್ಲವಂತೆ. ಇಬ್ಬರೂ ಉಸಿರು ಬಿಗಿಹಿಡಿದು ಕೂರುತ್ತಾರೆ. ಎಲ್ಲೋ ನಾಯಿ ಬೊಗಳಿ ಸಾಹೇಬರಿಗೆ ಎಚ್ಚರವಾಗುತ್ತದೆ. ಕಣ್ಣು ಪೂರ್ತಿ ಬಿಡದೆ ಗದರುತ್ತಾರೆ.

"ಏನಮ್ಮಾ, ಇನ್ನೂ ಹೊರಟೇ ಇಲ್ವಾ?"

ಅಕ್ಕ ಇಳಿದು, ಸುತ್ತಿ ಬಂದು, ಬಾಗಿಲು ತೆಗೆಯುತ್ತಾರೆ.

"ಮೆಲ್ಲಗೆ ಇಳೀರಿ ಸರ್. ಮನೆ ಬಂತು."