ಇಪ್ಪತ್ತನೆಯ ನಂಬರಿನ ಹುಣಸೆ ಮರ

ನಾನು ಬರೆದ ಜಲವರ್ಣ ಚಿತ್ರವೊಂದರಲ್ಲಿದ್ದ ಹುಣಸೆ ಮರವನ್ನು ಬಸವಕಲ್ಯಾಣದ ಒಂದು ಸರ್ಕಾರಿ ಕಚೇರಿಯವರು ಬಿಳಿ ಎಣ್ಣೆಬಣ್ಣ ಬಳಿದು ರದ್ದುಪಡಿಸಿದರು. ರದ್ದುಪಡಿಸಿದ್ದಕ್ಕೆ ನನ್ನಿಂದಲೇ ಸಹಿ ಹಾಕಿಸಿಕೊಂಡರು. ನನಗಾದ ಅನ್ಯಾಯ ಇದು. ಇದನ್ನು ಕೇಳಿ ಕೆಲವರು ನಕ್ಕಿದ್ದಾರೆ. ಯಾರು, ಎಲ್ಲಿ ಕುಳಿತು, ಎಷ್ಟು ಹೊತ್ತು ನಕ್ಕರು ಎಂಬುದು ನನಗೆ ನೆನಪಿದೆ. ಆದರೂ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತೇನೆ. ಕಚೇರಿಯ ಹೆಸರನ್ನು ಬರೆಯುವುದಿಲ್ಲ. ಅದು ಅವರಿಗೆ ಗೊತ್ತಿದೆ.

ಹುಮನಾಬಾದಿನ ಪ್ರೌಢಶಾಲೆಯೊಂದರಲ್ಲಿ ನಾನು ಮೂವತ್ತೊಂದು ವರ್ಷ ಚಿತ್ರಕಲೆ ಕಲಿಸಿದೆ. ಕಣ್ಣೆದುರಿಗೆ ಇಲ್ಲದ್ದು ಕಾಗದದ ಮೇಲೆ ಇರಕೂಡದು ಎಂಬುದೊಂದೇ ನನ್ನ ಪಾಠ. ನಿವೃತ್ತನಾದ ಮೇಲೆ, ತೊಂಬತ್ತರ ದಶಕದ ಕೊನೆಯ ಒಂದು ಆಶ್ವಯುಜದಲ್ಲಿ, ದಸರೆ ಮುಗಿಸಿಕೊಂಡು ಮನೆಮಂದಿಯೆಲ್ಲ ಜೀಪು ಮಾಡಿ ನಾರಾಯಣಪುರದ ಶಿವನ ಗುಡಿಗೆ ಹೋಗಿದ್ದೆವು. ಮರಳುವಾಗ ಗಾಲಿ ಪಂಕ್ಚರಾಯಿತು. ನನ್ನ ಹೆಂಡತಿಯ ತಮ್ಮನ ಕೊರಳಲ್ಲಿ ಕ್ಯಾಮೆರಾ ಇತ್ತು. ರೋಲಿನಲ್ಲಿ ಒಂದೇ ಫೋಟೋ ಉಳಿದಿತ್ತು. ಅಕ್ಕಂದಿರು ಸಾಲಾಗಿ ನಿಲ್ಲಲಿ ಎಂದ. "ಧೂಳ ಬಡದ ಮಾರಿ ಇಟ್ಕೊಂಡು ಏನ್ ನಿಂದ್ರೂದೋ, ಸುಮ್ನ ಇರು" ಎಂದು ನನ್ನ ಹೆಂಡತಿ ಸೆರಗು ಮರೆಮಾಡಿಕೊಂಡಳು. ಅವನು ಸಿಟ್ಟಿನಿಂದ ಕ್ಯಾಮೆರಾವನ್ನು ರಸ್ತೆಯ ಕಡೆಗೆ ತಿರುಗಿಸಿ ಗುಂಡಿ ಒತ್ತಿದ.

"ರೋಲ್ ಖತಂ ಆಯ್ತು ಮಾಮಾ. ನಾಳಿನೇ ತೊಳ್ಯಾಕ ಕೊಡ್ತೀನಿ."

ಇಪ್ಪತ್ತೆಂಟು ವರ್ಷದ ನಮ್ಮ ಸಂಬಂಧದಲ್ಲಿ ಅವನು ಮಾಡಿದ ಉಪಯುಕ್ತ ಕೆಲಸ ಇದೊಂದೇ. ಅದನ್ನೂ ನೋಡದೆ ಮಾಡಿದ.

ಅಂಗೈಯಗಲದ ಆ ಫೋಟೋದಲ್ಲಿ ಶರತ್ಕಾಲ ಪೂರ್ತಿ ಹಿಡಿದಿತ್ತು. ಮಳೆ ತೊಳೆದು ಹೋದ ಆಕಾಶ, ಅಂಚು ಒಣಗತೊಡಗಿದ ಹುಲ್ಲು, ಆಚೆ ಹೂಬಿಟ್ಟ ಗುರೆಳ್ಳಿನ ಹೊಲದ ಹಳದಿ, ಎಡಕ್ಕೆ ರಸ್ತೆಯಂಚಿನಲ್ಲಿ ಮೂರು ಹುಣಸೆ ಮರ. ರಸ್ತೆಬದಿಯ ಹುಣಸೆ ಸರ್ಕಾರದ್ದು. ವರ್ಷವರ್ಷ ಅದರ ಫಲದ ಹರಾಜಾಗುತ್ತದೆ. ಲೆಕ್ಕ ತಪ್ಪದಿರಲೆಂದು ಕಾಂಡಕ್ಕೆ ಡಾಂಬರಿನ ಪಟ್ಟೆ ಬಳಿದು ಅದರ ಮೇಲೆ ಬಿಳಿ ನಂಬರು ಬರೆಯುತ್ತಾರೆ. ಭೂತಗನ್ನಡಿ ಹಿಡಿದರೆ ಮೂರೂ ನಂಬರು ಓದಲು ಬರುತ್ತಿದ್ದವು: ಹದಿನೇಳು, ಹದಿನೆಂಟು, ಹತ್ತೊಂಬತ್ತು.

ಫೋಟೋದ ಮೇಲೆ ದಾರದಿಂದ ಚೌಕಗಳನ್ನು ಕಟ್ಟಿ, ಅವನ್ನು ದೊಡ್ಡ ಹಾಳೆಗೆ ಏರಿಸಿ, ಹದಿನೆಂಟು ದಿನ ಬರೆದೆ. ಜಲವರ್ಣದಲ್ಲಿ ಬಿಳಿ ಎಂಬ ಬಣ್ಣವಿಲ್ಲ, ಇರುವುದು ಕಾಗದದ ಬಿಳಿ. ಆದ್ದರಿಂದ ಅಂಕಿಗಳನ್ನು ಬರೆಯದೆ, ಅವುಗಳ ಸುತ್ತಲಿನ ಕಪ್ಪನ್ನು ಮಾತ್ರ ಸಣ್ಣ ಕುಂಚದಿಂದ ತುಂಬಬೇಕಾಯಿತು. ಒಂದೊಂದು ನಂಬರಿಗೆ ಒಂದೊಂದು ಮುಂಜಾನೆ ಹಿಡಿಯಿತು.

"ಗಿಡಕ್ಕ ನಂಬರ್ ಯಾಕ್ರಿ? ಅದೇನ್ ಮೋಟಾರ್ ಗಾಡಿಯೇನು?" ಎಂದು ಹೆಂಡತಿ ಕೇಳಿದಳು.

"ಫೋಟೋದಾಗ ಅದ" ಎಂದೆ. ನನಗೆ ಅದಕ್ಕಿಂತ ದೊಡ್ಡ ಉತ್ತರ ಗೊತ್ತಿರಲಿಲ್ಲ.

ಇನ್ನು ತಪ್ಪೊಪ್ಪಿಗೆ. ಚಿತ್ರ ಮುಗಿಯುವ ಹೊತ್ತಿಗೆ ಬಲಗಡೆ, ರಸ್ತೆ ತಿರುಗುವಲ್ಲಿ, ಬರಿದಾಗಿ ಕಾಣತೊಡಗಿತು. ಎರಡು ದಿನ ಹಲಗೆಯ ಮುಂದೆ ಕುಳಿತು ನೋಡಿದೆ. ಚಿತ್ರವೆಲ್ಲ ಎಡಕ್ಕೆ ವಾಲುತ್ತಿತ್ತು. ಮೂರನೆಯ ದಿನ, ಜನ್ಮದಲ್ಲಿ ಮೊದಲ ಬಾರಿಗೆ, ಇಲ್ಲದ್ದೊಂದನ್ನು ಬರೆದೆ: ತಿರುವಿನಲ್ಲಿ ಇನ್ನೊಂದು ಹುಣಸೆ ಮರ, ರಸ್ತೆಯ ಕಡೆಗೆ ಬಾಗಿದ ಒಂದು ಟೊಂಗೆ, ಎಳೆಯ ಕಾಯಿ. ಬರೆದ ಮೇಲೆ ಅದನ್ನು ನಂಬರಿಲ್ಲದೆ ಬಿಡಲು ಮನಸ್ಸಾಗಲಿಲ್ಲ. ಸುಳ್ಳು ಹೇಳಿದರೂ ಅಚ್ಚುಕಟ್ಟಾಗಿ ಹೇಳಬೇಕೆಂದು ಇನ್ನೊಂದು ಮುಂಜಾನೆ ಕುಳಿತು ಇಪ್ಪತ್ತು ಎಂದು ತುಂಬಿದೆ.

ಚಿತ್ರ ಮನೆಯಲ್ಲಿ ಉಳಿಯಲಿಲ್ಲ. ಗೋಡೆಗೆ ಮೊಳೆ ಹೊಡೆಯಲು ಮನೆಯ ಮಾಲೀಕ ಬಿಡಲಿಲ್ಲ. ಅದು ಬೇರೆಯೇ ಅನ್ಯಾಯ, ಅದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನ್ನ ಹಳೆಯ ಶಿಷ್ಯನೊಬ್ಬ ಬಂದು, "ನಮ್ಮ ಸಾಹೇಬ್ರ ಕುರ್ಚಿ ಹಿಂದ ಗ್ವಾಡಿ ಖಾಲಿ ಅದ್ರಿ ಸರ್. ನಮ್ಮದೇ ರಸ್ತಾ, ನಮ್ಮದೇ ಗಿಡ. ಅಲ್ಲಿ ಛಂದ ಕಾಣ್ತದ" ಎಂದ. ಕಾಣಿಕೆಯಾಗಿ ಕೊಟ್ಟೆ. ಅವರು ಅದನ್ನು ಕಚೇರಿಯ ಸಾಮಾನಿನ ರಿಜಿಸ್ಟರಿನಲ್ಲಿ ಕಬ್ಬಿಣದ ಕಪಾಟು ಮತ್ತು ನೀರಿನ ಡ್ರಮ್ಮಿನ ಕೆಳಗೆ ಹೀಗೆ ಏರಿಸಿದರು: "ಚಿತ್ರ, ರಸ್ತೆಯದು, ಗಾಜು ಸಹಿತ, ಒಂದು."

ಚಳಿಗಾಲದಲ್ಲಿ ಹುಣಸೆಯ ಹರಾಜು ಬಂತು. ಅಂದು ನಡೆದದ್ದನ್ನು ಶಿಷ್ಯನೇ ನನಗೆ ಹೇಳಿದ್ದಾನೆ. ಅಧಿಕಾರಿ ಪಟ್ಟಿ ಓದುತ್ತಿದ್ದರು. ಅವರೆದುರು ಕುಳಿತ ಗುತ್ತೇದಾರನೊಬ್ಬ ಅವರ ತಲೆಯ ಮೇಲಿನ ಚಿತ್ರವನ್ನೇ ನೋಡುತ್ತಿದ್ದ.

"ಸಾಹೇಬ್ರ, ಹತ್ತೊಂಬತ್ತು ಆದಮ್ಯಾಲ ಇಪ್ಪತ್ತೊಂದು ಓದಿದ್ರಿ. ಇಪ್ಪತ್ತು ಎಲ್ಲಿ ಹೋಯ್ತು?"

"ಅದು ಬಿದ್ದದ. ರಿಜಿಸ್ಟರ್‌ದಾಗ ಬರ್ದದ."

"ಬಿದ್ದದಾ? ನಿಮ್ಮ ಬೆನ್ನ ಹಿಂದ ನಿಂತದ ನೋಡ್ರಿ! ಕಾಯಿ ಭೀ ಹಿಡ್ದದ."

"ಏ, ಅದು ಬರೇ ಚಿತ್ರ ಅದ."

"ಚಿತ್ರ ಖರೆ. ಆದ್ರ ತೆಗೆದವ್ರು ಯಾರು ಕೇಳ್ರಿ. ಹುಮನಾಬಾದ್ ಡ್ರಾಯಿಂಗ್ ಮಾಸ್ತರ್ ಅವ್ರು. ಇಲ್ಲದ ಒಂದು ಕಲ್ಲು ಭೀ ತೆಗ್ಯಾಂಗಿಲ್ಲ. ನನ್ನ ತಮ್ಮ ಅವರ ಕೈಯಾಗೇ ಕಲ್ತಾನ."

ಹರಾಜು ನಿಂತಿತು. ಕಚೇರಿಗೆ ಬಂದು ಹೇಳಿಕೆ ಕೊಡಬೇಕೆಂದು ನನಗೆ ಅಂಚೆ ಕಾರ್ಡು ಬಂತು. ಫೋಟೋವನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋದೆ. ಒಂದು ಗಂಟೆ ಹತ್ತು ನಿಮಿಷ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಒಳಗೆ ಕರೆದ ಮೇಲೆ, ಬಲಗಡೆ ಬರಿದಾಗಿ ಕಂಡದ್ದರಿಂದ ಆ ಮರವನ್ನು ನಾನೇ ಸೇರಿಸಿದೆನೆಂದು ನಿಜ ಹೇಳಿದೆ.

"ಖಾಲಿ ಇದ್ರ ಇರ್ಲಿ ಬಿಡ್ರಿ ಮಾಸ್ತರ್. ಅದು ಸರ್ಕಾರಿ ಜಾಗಾ. ನಿಮಗ ಯಾಕ ಬೇಕಾಗಿತ್ತು?" ಎಂದರು ಅಧಿಕಾರಿ.

ಅವರೆದುರು ಕುಳಿತಿದ್ದ ಗುತ್ತೇದಾರ ನನ್ನ ಮಾತನ್ನು ನಂಬಲೇ ಇಲ್ಲ. "ಮಾಸ್ತರ್, ನಿಮ್ಮ ಮ್ಯಾಲ ಯಾರರೆ ಜಬರ್ದಸ್ತಿ ಮಾಡಾಕತ್ತಾರೇನ್ರಿ? ಹೇಳ್ರಿ, ಅಂಜಬ್ಯಾಡ್ರಿ" ಎಂದ. ಶಿಷ್ಯ ನನ್ನ ಪರವಾಗಿ ಮಾತಾಡುತ್ತೇನೆಂದು ಎದ್ದು ನಿಂತು ನನ್ನನ್ನು ಮುಳುಗಿಸಿದ: "ಸರ್ ಇಲ್ಲದ್ದು ತೆಗ್ಯಾಂಗೇ ಇಲ್ರಿ ಸಾಹೇಬ್ರ. ನಾ ಎಂಟನೇತ್ತದಾಗ ಮಡಕಿ ಮ್ಯಾಲ ಒಂದು ಗಿಳಿ ತೆಗ್ದಿದ್ದೆ. 'ಎಲ್ಲದ ಗಿಳಿ, ತೋರಿಸು' ಅಂತ ಇಡೀ ತಾಸು ನಿಂದ್ರಿಸಿದ್ರು."

ನಾನು ಫೋಟೋ ತೆಗೆದು ಮೇಜಿನ ಮೇಲಿಟ್ಟೆ. ಹದಿನೆಂಟು ದಿನ ಇದನ್ನೇ ನೋಡಿ ಬರೆದದ್ದು, ಇದರಲ್ಲಿ ಮೂರೇ ಮರ ಎಂದೆ. ಗುತ್ತೇದಾರ ಅದನ್ನು ಬೆರಳ ತುದಿಯಲ್ಲಿ ಸರಿಸಿದ.

"ಫೋಟೋ ಅಂದ್ರ ಒಂದು ಸೆಕೆಂಡಿನ ಮಾತು. ಮಾಸ್ತರ್ ಹದಿನೆಂಟು ದಿನ ನೋಡ್ಯಾರ. ಯಾವುದು ನಂಬಬೇಕ್ರಿ?"

ಅಧಿಕಾರಿ ಯೋಚಿಸಿದರು. ಯೋಚಿಸಿ, ಸ್ಥಳ ತನಿಖೆ ಎಂದರು. ಚಿತ್ರವನ್ನು ಗೋಡೆಯಿಂದ ಇಳಿಸಿ ನನ್ನ ತೊಡೆಯ ಮೇಲಿಟ್ಟರು. ಹೀಗೆ ನಾವೆಲ್ಲ ಜೀಪಿನಲ್ಲಿ ಹೊರಟೆವು. ಹದಿನೇಳು, ಹದಿನೆಂಟು, ಹತ್ತೊಂಬತ್ತು ಇದ್ದಲ್ಲೇ ಇದ್ದವು. ಚಿತ್ರವನ್ನು ಮೈಲುಗಲ್ಲಿಗೆ ಒರಗಿಸಿ, ತಿರುವಿನವರೆಗೆ ಟೇಪು ಹಿಡಿದು ಅಳೆದರು. ತಿರುವಿನಲ್ಲಿ ಎತ್ತರದ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ನನ್ನ ಚಿತ್ರ ಇಲ್ಲಿಗೆ ಪಾರಾಯಿತು ಎಂದುಕೊಂಡೆ. ಅಷ್ಟರಲ್ಲಿ ಪಕ್ಕದ ಹೊಲದಲ್ಲಿ ಮೇವು ಕೊಯ್ಯುತ್ತಿದ್ದ ಮುದುಕಿಯೊಬ್ಬಳು ಕುಡುಗೋಲು ಹಿಡಿದು ಬಂದಳು.

"ಏನ್ ಹುಡುಕಾಕತ್ತೀರಿ ಯಪ್ಪಾ?"

"ಇಪ್ಪತ್ತನೇ ನಂಬರ್ ಗಿಡ" ಎಂದ ಶಿಷ್ಯ.

ಅವಳು ಚಿತ್ರದ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. "ಅಯ್ಯ, ಇದೇ ನೋಡ್ರಿ! ಇಲ್ಲೇ ಇತ್ತು. ನನ್ನ ಲಗ್ನ ಆದಾಗಿಂದ ನೋಡೀನಿ. ಗಾಳಿಗಿ ಬಿದ್ದು ಮೂರು ವರ್ಷ ಆಯ್ತು. ಬರಾಬರಿ ತೆಗ್ದೀರಿ, ರಸ್ತಾಕ ಬಗ್ಗಿದ ಟೊಂಗಿ ಭೀ ಅದ." ಹುಲ್ಲನ್ನು ಕುಡುಗೋಲಿನಿಂದ ಸರಿಸಿ, ಗೆದ್ದಲು ತಿಂದ ಬೊಡ್ಡೆಯನ್ನು ತೋರಿಸಿದಳು.

ಓದುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಮರವನ್ನು ನಾನು ಕಂಡವನಲ್ಲ. ನನ್ನ ಭಾವಮೈದುನ ಫೋಟೋ ತೆಗೆಯುವ ಹೊತ್ತಿಗಾಗಲೇ ಅದು ಬಿದ್ದುಹೋಗಿತ್ತು. ಅಲ್ಲೊಂದು ಮರ ಬೇಕು ಎಂದು ನನ್ನ ಕಣ್ಣು ಹೇಳಿತ್ತು. ಅಲ್ಲೊಂದು ಮರ ಇತ್ತು, ಅದೇ ನಂಬರಿನದು, ಅದೇ ಬಾಗಿನ ಟೊಂಗೆಯದು. ಮೂವತ್ತೊಂದು ವರ್ಷದ ಅಭ್ಯಾಸಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ? ಯಾರಾದರೂ ಒಬ್ಬರು ಒಂದು ಮಾತು ಹೇಳುತ್ತಾರೆಂದು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಅಧಿಕಾರಿ ಜೊತೆಗೆ ತಂದಿದ್ದ ಮರಗಳ ರಿಜಿಸ್ಟರ್ ಮುಚ್ಚಿದರು.

"ಗಿಡ ಬಿದ್ದದ್ದು ಸಾಬೀತಾಯ್ತು. ಅಂದ್ರ ಮಾಸ್ತರ್, ಬಿದ್ದ ಸರ್ಕಾರಿ ಗಿಡಾನ ನೀವು ಪರವಾನಗಿ ಇಲ್ದ ನಿಂದ್ರಿಸೀರಿ."

"ಹಂಗಾದ್ರ ಚಿತ್ರದಾಗ ಭೀ ಬೀಳ್ಸಿಬಿಡ್ರಿ ಸಾಹೇಬ್ರ" ಎಂದ ಗುತ್ತೇದಾರ. "ಇಲ್ಲಂದ್ರ ಬರೋ ವರ್ಷ ಮತ್ತ್ಯಾರರೆ ಕೇಳ್ತಾರ."

ಕಚೇರಿಗೆ ಮರಳಿದ ಮೇಲೆ ನಾನು ಬೇಡಿಕೊಂಡದ್ದನ್ನು ಮುಚ್ಚಿಡುವುದಿಲ್ಲ. ಚಿತ್ರ ನನಗೆ ಕೊಡಿ, ತಿಂಗಳೊಳಗೆ ಮೂರೇ ಮರದ ಇನ್ನೊಂದನ್ನು ಬರೆದು ತರುತ್ತೇನೆ ಎಂದೆ. ರಿಜಿಸ್ಟರಿಗೆ ಏರಿದ ಸಾಮಾನು ಹೊರಗೆ ಹೋಗುವಂತಿಲ್ಲ ಎಂದರು. ಹಾಗಾದರೆ ಗಾಜಿನ ಮೇಲೆ ಬಳಿಯಿರಿ, ಒಳಗಿನ ಹಾಳೆ ಉಳಿಯಲಿ ಎಂದೆ. ಶಿಷ್ಯ ಸಾಮಾನಿನ ರಿಜಿಸ್ಟರ್ ತೆಗೆದು ತೋರಿಸಿದ: "ಗಾಜು ಸಹಿತ ಅಂತ ಅದ್ರಿ ಸರ್. ಗಾಜು ಹೊಲಸಾದ್ರ ನನ್ನ ಮ್ಯಾಲ ಬರ್ತದ." ಹಾಳೆ ಹೊಲಸಾದರೆ ಯಾರ ಮೇಲೆ ಬರುತ್ತದೆ ಎಂದು ಕೇಳಿದೆ. ಹಾಳೆ ಎಂಬ ಶಬ್ದ ರಿಜಿಸ್ಟರಿನಲ್ಲಿ ಇಲ್ಲ ಎಂದ.

ಮರಗಳಿಗೆ ನಂಬರು ಬರೆಯುವ ರಸ್ತೆ ಕೂಲಿಯನ್ನು ಕರೆಸಿದರು. ಅವನು ಎಣ್ಣೆಬಣ್ಣದ ಡಬ್ಬಿ, ನಾಲ್ಕು ಬೆರಳಗಲದ ಬ್ರಷ್ಷು ತಂದ. ಗಾಜು ತೆಗೆದು ಚಿತ್ರವನ್ನು ಮೇಜಿನ ಮೇಲೆ ಮಲಗಿಸಿದರು. ಪಾಪ, ಅವನೊಬ್ಬನೇ ಅನುಮಾನಿಸಿದ, ಬ್ರಷ್ಷು ಅದ್ದಿ, ನನ್ನ ಮುಖ ನೋಡಿ, "ಛಂದ ಅದಲ್ರಿ ಸಾಹೇಬ್ರ, ಅಳಿಸ್ಲೇಬೇಕೇನ್ರಿ?" ಎಂದ. ಅಳಿಸಬೇಕು ಎಂದರು. ಕಾಂಡ, ಟೊಂಗೆ, ಎಲೆ, ಕಾಯಿ, ನಾಲ್ಕನೆಯ ಮುಂಜಾನೆಯ ನನ್ನ ಅಂಕಿ ಎಲ್ಲವೂ ಮೂರು ಎಳೆತಕ್ಕೆ ಮುಗಿದವು. ಬಿಳಿಯ ಮೇಲೆ ಕಪ್ಪಿನಲ್ಲಿ 'ರದ್ದು' ಎಂದು ಬರೆಸಿ, ಪಕ್ಕದಲ್ಲಿ ಅಧಿಕಾರಿ ಚಿಕ್ಕ ಸಹಿ ಹಾಕಿದರು. ಸದರಿ ಮರವನ್ನು ತಪ್ಪಿನಿಂದ ನಿಲ್ಲಿಸಲಾಗಿದೆ ಎಂಬ ಹೇಳಿಕೆಗೆ ನನ್ನ ಸಹಿ ಬಿತ್ತು. ಹಾಕದಿದ್ದರೆ ಉಳಿದ ಮೂರು ಮರಗಳ ತನಿಖೆಯೂ ಆಗಬೇಕಾಗುತ್ತದೆ ಎಂದಿದ್ದರು.

ಆಗ ಕೂಲಿ ಚಿತ್ರದ ಮೇಲೆ ಬಗ್ಗಿ ಕೇಳಿದ:

"ಸಾಹೇಬ್ರ, ಈ ಗಿಡದ ನೆಳ್ಳು ರಸ್ತಾದ ಮ್ಯಾಲ ಬಿದ್ದದಲ್ರಿ. ಅದೂ ಬಳೀಲೇನು?"

ಅಧಿಕಾರಿ ರಿಜಿಸ್ಟರ್ ನೋಡಿದರು. "ನೆಳ್ಳು ಬರ್ದಿಲ್ಲ. ಬಿಡು."

ಮುಂದಿನ ದಶಕದಲ್ಲಿ ಆ ಕುರ್ಚಿಗೆ ಮೂವರು ಬಂದುಹೋದರು. ಮೂವರಿಗೂ ಅರ್ಜಿ ಕೊಟ್ಟಿದ್ದೇನೆ. ಬಂದ ಉತ್ತರ ಒಂದೇ: ಸದರಿ ಮರ ಈ ಕಚೇರಿಯ ವ್ಯಾಪ್ತಿಯಲ್ಲಿ ಇರುವುದಿಲ್ಲ. ಚಿತ್ರ ಈಗಲೂ ಅಲ್ಲೇ ತೂಗುತ್ತಿದೆ. ಆಶ್ವಯುಜದ ಇಳಿಬಿಸಿಲಿನಲ್ಲಿ ಒಂದು ಬಿಳಿಯ ಕಲೆ, ಅದರ ಬುಡದಿಂದ ರಸ್ತೆಗೆ ಅಡ್ಡಲಾಗಿ ನೀಲಿ ನೆರಳು, ಬಾಗಿದ ಟೊಂಗೆಯ ಸಮೇತ. ಆದ್ದರಿಂದ ಅಂದಿನ ಅಧಿಕಾರಿಗಳನ್ನೂ ಅವರ ಗುಮಾಸ್ತನನ್ನೂ ಇಲ್ಲಿ ಕೇಳುತ್ತೇನೆ: ಬಿದ್ದ ಮರವನ್ನು ನಿಲ್ಲಿಸಿದ ತಪ್ಪಿಗೆ ನನ್ನ ಸಹಿ ಪಡೆದಿರಿ, ಸರಿ, ಮರವೇ ಇಲ್ಲದ ನೆರಳೊಂದನ್ನು ಸರ್ಕಾರಿ ರಸ್ತೆಯ ಮೇಲೆ ಉಳಿಸಿದ ತಪ್ಪಿಗೆ ನಿಮ್ಮಲ್ಲಿ ಸಹಿ ಹಾಕುವವರು ಯಾರು?