ಬೀಜಕ್ಕೆ ಬಿಟ್ಟ ಬದನೆ

ಕೇಶ್ವಾಪುರದ ನಮ್ಮ ಚಾಳಿನ ಐದು ಮನೆಗೂ ಸೇರಿ ಇದ್ದದ್ದು ಒಂದೇ ಹಿತ್ತಲು. ಯುದ್ಧದ ಕಾಲ, ಸಂತೆಯ ಕಾಯಿಪಲ್ಲೆಯನ್ನು ನೆಚ್ಚುವ ಹಾಗಿರಲಿಲ್ಲ. ಹೆಂಗಸರೇ ಸೇರಿ ಮನೆಗೊಂದು ಪಾತಿ ಮಾಡಿಕೊಂಡೆವು. ಸೆಗಣಿ, ಒಲೆಯ ಬೂದಿ, ಸಿಪ್ಪೆ, ಕಸ ಎಲ್ಲವೂ ಬಾವಿ ಪಕ್ಕದ ಒಂದೇ ಗುಂಡಿಗೆ. ಗೊಬ್ಬರ ಮಾಗಿದ ಮೇಲೆ ಮನೆಗೆ ಎರಡೆರಡು ಬುಟ್ಟಿ.

ಮೊದಲ ವರ್ಷವೇ ಒಂದು ಕಟ್ಟಳೆ ಮಾಡಿದೆವು. ಎಲ್ಲಕ್ಕಿಂತ ಒಳ್ಳೆಯ ಗಿಡದ ಒಂದು ಬದನೆಗೆ ಕೆಂಪು ದಾರ ಕಟ್ಟಿ ಬೀಜಕ್ಕೆ ಬಿಡುವುದು. ಅದನ್ನು ಯಾರೂ ಮುಟ್ಟಬಾರದು. ಮರುವರ್ಷ ಐದೂ ಪಾತಿಗೆ ಅದೇ ಬೀಜ. ಆ ದಾರ ನನಗೇ ಬರಬೇಕೆಂದು ಮನೆಯವರ ಚಹಾಕ್ಕಿಂತ ಮೊದಲು ಗಿಡಕ್ಕೆ ನೀರು ಹಾಕುತ್ತಿದ್ದೆ.

ದಾರ ಹೋದದ್ದು ಪಕ್ಕದ ಮನೆಯ ಕಲಾಯಿಗಾರನ ಹೆಂಡತಿಯ ಪಾತಿಗೆ. ಅವಳು ತವರಿನಿಂದ ತಂದ ಬದನೆಗೆ ಎಲೆಯ ಮೇಲೂ ಮುಳ್ಳು. ನಮ್ಮೆಲ್ಲರದು ನುಣುಪು ಜಾತಿ. ನನ್ನ ಹೊಟ್ಟೆ ಉರಿದುಹೋಯಿತು. ಗಂಡನ ಭಟ್ಟಿಯ ಬೂದಿಯನ್ನೆಲ್ಲ ತನ್ನ ಪಾತಿಗೇ ಸುರಿಯುತ್ತಾಳೆಂದು ಉಳಿದವರ ಕಿವಿಯಲ್ಲಿ ಊದಿದೆ. ಯಾರೂ ಸೊಪ್ಪು ಹಾಕಲಿಲ್ಲ.

ಕಾಯಿ ಹಣ್ಣಾಗಿ ಹಳದಿಗೆ ತಿರುಗಿತು. ಒಂದು ಮಧ್ಯಾಹ್ನ ಎಲ್ಲರೂ ಅಡ್ಡಾಗಿದ್ದಾಗ ದಾರದ ಸಮೇತ ಕಿತ್ತು ಗೊಬ್ಬರದ ಗುಂಡಿಯಲ್ಲಿ ಹೂತುಬಿಟ್ಟೆ.

ಬರಿದಾದ ತೊಟ್ಟು ಹಿಡಿದು ಅವಳು, "ಮಂಗ್ಯಾ ಒಯ್ದಿರಬೇಕ್ರಿ ಅಕ್ಕಾರ" ಅಂದಳು.

"ಹೌದ್ರಿ, ಮಂಗ್ಯಾನ ಇರಬೇಕು" ಅಂದೆ.

ಬೇಸಿಗೆ ಮುಗಿಯುವಾಗ ಗೊಬ್ಬರ ಹಂಚಿದೆವು. ಯಾರೂ ಇಲ್ಲದಾಗ ನಾನು ಇನ್ನೂ ನಾಲ್ಕು ಬುಟ್ಟಿ ಹೆಚ್ಚಿಗೆ ಎಳೆದುಕೊಂಡೆ. ಈ ಸಲ ಸೋಲಬಾರದು ಎಂಬ ಹಟ.

ಮೊದಲ ಮಳೆ ಬಿತ್ತು. ನಾವು ಬೀಜ ಹಾಕುವ ಮೊದಲೇ ಪಾತಿಗಳಲ್ಲಿ ಬದನೆ ಸಸಿ ಎದ್ದವು. ಬೇರೆಯವರಲ್ಲಿ ಒಂದೋ ಎರಡೋ. ನನ್ನ ಪಾತಿಯಲ್ಲಿ ಕಾಲಿಡಲು ಜಾಗವಿಲ್ಲ. ನಾಲ್ಕು ಎಲೆ ಬಲಿಯುವಷ್ಟರಲ್ಲಿ ಎಲೆಯ ಮೇಲೆ ಮುಳ್ಳು ಕಂಡಿತು. ಕಿತ್ತುಹಾಕಲು ಕುಳಿತಿದ್ದೆ, ಅಷ್ಟರಲ್ಲಿ ಅವಳು ಬಂದು ನನ್ನ ಪಕ್ಕದಲ್ಲೇ ಕುಕ್ಕರಿಸಿದಳು. ಒಂದು ಎಲೆ ಸವರಿ ನೋಡಿದಳು. ನನ್ನ ಮುಖ ನೋಡಿದಳು.

"ಮಂಗ್ಯಾ ಭಾಳ ಶಾಣ್ಯಾ ಐತ್ರಿ ಅಕ್ಕಾರ. ಹಣ್ಣು ತಿನ್ನಲಿಲ್ಲ, ಗುಂಡ್ಯಾಗ ಹುಗದೈತಿ."

ನಾನು ತಲೆ ಎತ್ತದೆ ಒಂದು ಸಸಿಗೆ ಕೈ ಹಾಕಿದೆ.

"ಕೀಳಬ್ಯಾಡ್ರಿ, ಛಲೋ ಎದ್ದಾವ. ಈ ಸಲ ಬೀಜದ ಕಾಯಿ ನಿಮ್ಮ ಪಾತ್ಯಾಗನ ಬಿಡೂಣು. ದಾರ ನಾನ ಕಟ್ಟತೇನಿ."

ಗಿಡ ಕಾಯಿ ಬಿಟ್ಟಾಗ ಅಂದಂತೆಯೇ ಕಟ್ಟಿದಳು, ಉಳಿದ ಮೂವರು ಹೆಂಗಸರ ಎದುರಿಗೆ. ನಾನು ಗಿಡ ಹಿಡಿದು ನಿಂತಿದ್ದೆ. ಅಷ್ಟು ಬಯಸಿದ ದಾರ ಕೊನೆಗೂ ನನ್ನ ಪಾತಿಗೆ ಬಂದಿತ್ತು, ಕಾಯಿ ಮಾತ್ರ ಅವಳದೇ.